ಹಳೆಯ ಬೈಕಿನ ಪೆಟ್ರೋಲ್ ಕಾಕ್: ರಾತ್ರಿ ಅದನ್ನು ಯಾಕೆ ಮುಚ್ಚಬೇಕು?

ನಮ್ಮ ಕಾಲೇಜಿನ ಪಾರ್ಕಿಂಗ್ ಶೆಡ್‌ನಲ್ಲಿ ಬೆಳಿಗ್ಗೆ ಒಂದು ಸುತ್ತು ಹಾಕಿದರೆ ಎರಡು ಕಾಲದ ಗಾಡಿಗಳು ಅಕ್ಕಪಕ್ಕ ನಿಂತಿರುವುದು ಕಾಣುತ್ತದೆ. ಒಂದು ಕಡೆ ಹೊಸ ಸ್ಕೂಟರ್‌ಗಳು ಮತ್ತು ಇಂಜೆಕ್ಷನ್ ಬೈಕುಗಳು. ಇನ್ನೊಂದು ಕಡೆ ಹದಿನೈದು, ಇಪ್ಪತ್ತು ವರ್ಷದ ಹಿಂದೆ ಕೊಂಡ ಬೈಕುಗಳು. ಇವುಗಳಲ್ಲಿ ಕೆಲವು ನಮ್ಮ ಉಪನ್ಯಾಸಕರದ್ದು, ಕೆಲವು ಆಫೀಸಿನ ಸಿಬ್ಬಂದಿಯದ್ದು, ಇನ್ನು ಕೆಲವು ನಮ್ಮನ್ನು ಬಿಡಲು ಬರುವ ಅಪ್ಪ, ಅಣ್ಣಂದಿರದ್ದು. ಹಳೆಯ ಸಾಲಿನ ಹತ್ತಿರ ಹೋದರೆ ಒಂದು ವಾಸನೆ ಬರುತ್ತದೆ. ಎಲ್ಲರಿಗೂ ಗೊತ್ತಿರುವ ವಾಸನೆ. "ಹಳೇ ಗಾಡಿ ಅಂದ್ರೆ ಹಾಗೇ" ಎಂದು ಹೇಳಿ ನಾವು ಮುಂದೆ ಹೋಗುತ್ತೇವೆ.

ಹಾಗೇನಿಲ್ಲ. ಸರಿಯಾಗಿರುವ ಹಳೆಯ ಬೈಕು ನಿಂತಲ್ಲಿ ಪೆಟ್ರೋಲ್ ವಾಸನೆ ಬೀರಬಾರದು. ವಾಸನೆ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವುದು ನೆಲಕ್ಕಾದರೆ ಬೆಂಕಿಯ ಭಯ. ಇಂಜಿನ್ ಒಳಗಾದರೆ ಇಂಜಿನ್ನಿಗೇ ಅಪಾಯ. ಎರಡನೆಯದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದರ ಬಗ್ಗೆಯೇ ನಾನು ಹೆಚ್ಚು ಬರೆಯುತ್ತೇನೆ.

ನಾನು ಕಾಮರ್ಸ್ ವಿದ್ಯಾರ್ಥಿ, ಮೆಕ್ಯಾನಿಕ್ ಅಲ್ಲ. ಆದರೆ ನಮ್ಮ ಮನೆಯ ಊಟ ಒಂದು 100 ಸಿಸಿ ಬೈಕಿನ ಮೇಲೆ ನಿಂತಿದೆ. ಅಬ್ಬಾ ಬೆಳಗಿನ ಜಾವ ಅದರ ಹಿಂದೆ ಮೊಟ್ಟೆಯ ಟ್ರೇಗಳನ್ನು ಕಟ್ಟಿಕೊಂಡು ಅಂಗಡಿಗಳಿಗೆ ಹಾಕಿ ಬರುತ್ತಾರೆ. ಗಾಡಿ ಒಂದು ದಿನ ನಿಂತರೆ ಆ ದಿನದ ಸಂಪಾದನೆಯೂ ನಿಲ್ಲುತ್ತದೆ. ರಾತ್ರಿ ಅದನ್ನು ಬೀದಿಯಲ್ಲಿ ಬಿಡುವ ಹಾಗಿಲ್ಲ, ಮನೆಯ ಮುಂದಿನ ಕೋಣೆಗೆ ಏರಿಸಿ ನಿಲ್ಲಿಸುತ್ತೇವೆ. ಅದೇ ಕೋಣೆಯ ಇನ್ನೊಂದು ಗೋಡೆಗೆ ನಮ್ಮ ದಾದಿಯ ಮಂಚ ಇದೆ. ಅದರ ಪಕ್ಕದ ಬಾಗಿಲು ಅಡುಗೆಮನೆಯದು. ಆದ್ದರಿಂದ ಈ ವಿಷಯ ನನಗೆ ಬರೀ ಗಾಡಿಯ ವಿಷಯವಲ್ಲ. ನಮ್ಮ ಬೀದಿಯಲ್ಲಿ ಹೀಗೆ ಗಾಡಿಯನ್ನು ಮನೆಯೊಳಗೆ ನಿಲ್ಲಿಸುವವರು ಬಹಳ ಜನ ಇದ್ದಾರೆ. ನಿಮ್ಮ ಬೀದಿಯಲ್ಲೂ ಇರಬಹುದು.

ಮೇಲಿನ ಟ್ಯಾಂಕ್, ಕೆಳಗಿನ ಬಟ್ಟಲು

ಹಳೆಯ ಬೈಕಿನಲ್ಲಿ ಪೆಟ್ರೋಲನ್ನು ತಳ್ಳುವ ಪಂಪ್ ಇಲ್ಲ. ಟ್ಯಾಂಕ್ ಮೇಲಿದೆ, ಕಾರ್ಬ್ಯುರೇಟರ್ ಕೆಳಗಿದೆ, ಪೆಟ್ರೋಲ್ ತನ್ನ ತೂಕದಿಂದಲೇ ಇಳಿಯುತ್ತದೆ. ನಮ್ಮ ಮನೆಗಳ ಓವರ್‌ಹೆಡ್ ಟ್ಯಾಂಕಿನಿಂದ ನಲ್ಲಿಗೆ ನೀರು ಬರುವ ಹಾಗೆ. ನಡುವೆ ಇರುವ ನಲ್ಲಿಯೇ ಪೆಟ್ರೋಲ್ ಕಾಕ್. (ಮನೆಯಲ್ಲಿ ನಾವು ಉರ್ದುವಿನಲ್ಲಿ ನಲ್ ಎನ್ನುತ್ತೇವೆ, ಕನ್ನಡದಲ್ಲಿ ನಲ್ಲಿ. ಕಲಿಯಲು ಇಷ್ಟು ಸುಲಭವಾದ ಪದ ನನಗೆ ಇನ್ನೊಂದು ಸಿಕ್ಕಿಲ್ಲ.) ಇದಕ್ಕೆ ಮೂರು ಸ್ಥಾನ: ಆನ್, ಆಫ್, ರಿಸರ್ವ್. ರಿಸರ್ವ್ ಎಂದರೆ ಬೇರೆ ಟ್ಯಾಂಕ್ ಎಂದು ಹಲವರು ತಿಳಿದಿದ್ದಾರೆ. ಟ್ಯಾಂಕ್ ಒಂದೇ. ಆನ್ ಇದ್ದಾಗ ಪೆಟ್ರೋಲ್ ಟ್ಯಾಂಕಿನೊಳಗೆ ಎತ್ತರಕ್ಕೆ ನಿಂತ ಒಂದು ಸಣ್ಣ ಕೊಳವೆಯ ತುದಿಯಿಂದ ಇಳಿಯುತ್ತದೆ. ರಿಸರ್ವ್‌ನಲ್ಲಿ ತಳದಿಂದಲೇ ಇಳಿಯುತ್ತದೆ. ಅಂದರೆ ತಳದಲ್ಲಿ ಕೂತಿರುವ ನೀರು, ತುಕ್ಕಿನ ಪುಡಿ ಎಲ್ಲವೂ ರಿಸರ್ವ್‌ನಲ್ಲಿ ಮೊದಲು ಬರುತ್ತವೆ. ಸದಾ ರಿಸರ್ವ್‌ನಲ್ಲೇ ಓಡಿಸುವುದು ಒಳ್ಳೆಯದಲ್ಲ ಎನ್ನುವುದು ಇದಕ್ಕೇ.

ಕಾರ್ಬ್ಯುರೇಟರ್‌ನ ಕೆಳಭಾಗದಲ್ಲಿ ಒಂದು ಪುಟ್ಟ ಬಟ್ಟಲಿದೆ. ಅದರಲ್ಲಿ ತೇಲುವ ಫ್ಲೋಟ್ ಇದೆ. ಪೆಟ್ರೋಲ್ ತುಂಬಿದಂತೆ ಫ್ಲೋಟ್ ಏರುತ್ತದೆ, ಏರುತ್ತಾ ಒಂದು ಚೂಪಾದ ಸೂಜಿಯನ್ನು ಮೇಲಕ್ಕೆ ಒತ್ತುತ್ತದೆ, ಸೂಜಿ ಹೋಗಿ ದಾರಿಯನ್ನು ಮುಚ್ಚುತ್ತದೆ. ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಮಾಡುವುದೂ ಇದನ್ನೇ. ಆ ವಾಲ್ವ್ ಕೆಟ್ಟರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ, ರಾತ್ರಿಯಿಡೀ ಮೇಲಿಂದ ನೀರು ಸುರಿಯುತ್ತದೆ, ಬೆಳಿಗ್ಗೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಬೈಕಿನಲ್ಲಿ ಬಾಗಿಲು ಬಡಿಯಲು ಯಾರೂ ಇಲ್ಲ.

ಆ ಸೂಜಿಯ ತುದಿ ಅಕ್ಕಿ ಕಾಳಿಗಿಂತ ಚಿಕ್ಕದು. ಹೆಚ್ಚಿನವುಗಳಲ್ಲಿ ತುದಿಗೆ ರಬ್ಬರ್ ಇರುತ್ತದೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಒತ್ತಿ ಒತ್ತಿ ಅದರ ಸುತ್ತ ಉಂಗುರದ ಹಾಗೆ ಗೆರೆ ಬೀಳುತ್ತದೆ. ಇಲ್ಲವೇ ಟ್ಯಾಂಕಿನ ತುಕ್ಕಿನ ಒಂದು ಕಣ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅಷ್ಟು ಸಾಕು, ದಾರಿ ಪೂರ್ತಿ ಮುಚ್ಚುವುದಿಲ್ಲ. ಗಾಡಿ ಓಡುವಾಗ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಸೋರಿದ್ದನ್ನು ಇಂಜಿನ್ ಸುಡುತ್ತಾ ಇರುತ್ತದೆ. ಗಾಡಿ ನಿಂತ ಮೇಲೆ ಶುರು.

ಈಗ ಕಾಕ್ ಮುಚ್ಚಿದ್ದರೆ ಬಟ್ಟಲಿನಲ್ಲಿ ಮತ್ತು ಪೈಪಿನಲ್ಲಿ ಇರುವಷ್ಟೇ ಪೆಟ್ರೋಲ್, ಅದು ಕೆಲವು ಚಮಚ. ಕಾಕ್ ತೆರೆದಿದ್ದರೆ ಮೇಲೆ ಇಡೀ ಟ್ಯಾಂಕ್ ಕಾಯುತ್ತಾ ಕೂತಿದೆ. ಸಾಮಾನ್ಯ 100 ಸಿಸಿ ಬೈಕಿನಲ್ಲಿ ಅದು ಸುಮಾರು 10 ಲೀಟರ್.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಿಗೆ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಅವುಗಳಲ್ಲಿ ಟ್ಯಾಂಕಿನೊಳಗೆ ಕರೆಂಟ್ ಪಂಪ್ ಇರುತ್ತದೆ, ಕೀ ತಿರುಗಿಸಿದರೆ ಪೆಟ್ರೋಲ್ ಬರುತ್ತದೆ, ತೆಗೆದರೆ ನಿಲ್ಲುತ್ತದೆ. ಮುಚ್ಚಬೇಕಾದ ಕಾಕ್ ಇಲ್ಲವೇ ಇಲ್ಲ. ನಮ್ಮ ವಯಸ್ಸಿನವರು ಇಂಥ ಗಾಡಿಗಳನ್ನೇ ನೋಡಿ ಬೆಳೆದವರು. ಹಾಗಾಗಿ ಹಳೆಯ ಬೈಕಿನಲ್ಲಿ ಎಡ ಮೊಣಕಾಲಿನ ಹತ್ತಿರ ಇರುವ ಆ ಸಣ್ಣ ಕೀಲಿಯನ್ನು ರಾತ್ರಿ ತಿರುಗಿಸಬೇಕು ಎಂದು ನಮಗೆ ಯಾರೂ ಹೇಳಿಯೇ ಇಲ್ಲ. ದೊಡ್ಡವರಿಗೆ ಗೊತ್ತು, ಆದರೆ ಬೆಳಿಗ್ಗೆ ಮರೆತು ಓಡಿಸಿ, ಅರ್ಧ ಕಿಲೋಮೀಟರ್ ಹೋಗಿ ಗಾಡಿ ನಿಂತು, ಹಿಂದಿನಿಂದ ಬಸ್ಸು ಹಾರ್ನ್ ಹೊಡೆದ ಮೇಲೆ ಅವರೂ ಮುಚ್ಚುವುದನ್ನು ಬಿಟ್ಟುಬಿಟ್ಟಿದ್ದಾರೆ.

ಸೋರಿದ ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬಟ್ಟಲು ತುಂಬಿ ಉಕ್ಕಿದರೆ ಹೊರಹೋಗಲು ಹಲವು ಕಾರ್ಬ್ಯುರೇಟರ್‌ಗಳಲ್ಲಿ ಒಂದು ಓವರ್‌ಫ್ಲೋ ಕೊಳವೆ ಇರುತ್ತದೆ. ಅದು ಕೆಳಗೆ ನೆಲದ ಕಡೆ ಇಳಿದಿರುತ್ತದೆ. ಅದರಿಂದ ತೊಟ್ಟಿಕ್ಕಿದರೆ ನಮಗೆ ಕಾಣುತ್ತದೆ, ವಾಸನೆ ಬರುತ್ತದೆ, ನಾವು ಎಚ್ಚರಗೊಳ್ಳುತ್ತೇವೆ. ಆದರೆ ಆ ಕೊಳವೆಯ ತುದಿ ಸದಾ ಚಕ್ರ ಚಿಮ್ಮಿಸುವ ಕೆಸರಿನ ದಾರಿಯಲ್ಲಿದೆ. ಶಿವಮೊಗ್ಗದ ಮಳೆಗಾಲದಲ್ಲಿ ಅದು ಕೆಸರಿನಿಂದ ಮುಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಬಹಳ ದಿನ ನಿಂತ ಗಾಡಿಯಾದರೆ ಕಣಜ ಅದರಲ್ಲಿ ಮಣ್ಣಿನ ಗೂಡು ಕಟ್ಟುವುದೂ ಉಂಟು. ಆಗ ಪೆಟ್ರೋಲ್ ಬಟ್ಟಲಿನಲ್ಲಿ ಇನ್ನೂ ಮೇಲೇರಿ ಜೆಟ್ ಮೂಲಕ ಕಾರ್ಬ್ಯುರೇಟರ್‌ನ ಗಂಟಲಿಗೆ ಬರುತ್ತದೆ. ಅಲ್ಲಿಂದ ಗಾಡಿ ಹೇಗೆ ವಾಲಿದೆ ಎಂಬುದರ ಮೇಲೆ ಒಂದೋ ಏರ್ ಫಿಲ್ಟರ್ ಡಬ್ಬಿಗೆ, ಇಲ್ಲವೇ ಇಂಜಿನ್ ಕಡೆಗೆ.

ಇಂಜಿನ್ ಕಡೆ ಹೋದಾಗ ಒಳಗಿನ ವಾಲ್ವ್ ತೆರೆದ ಸ್ಥಿತಿಯಲ್ಲಿ ಗಾಡಿ ನಿಂತಿದ್ದರೆ ಪೆಟ್ರೋಲ್ ಸೀದಾ ಸಿಲಿಂಡರಿಗೆ ಇಳಿಯುತ್ತದೆ. ಪಿಸ್ಟನ್ ರಿಂಗುಗಳು ಒತ್ತಡದ ಗಾಳಿಯನ್ನು ಒಂದು ಕ್ಷಣ ತಡೆಯುತ್ತವೆ, ಆದರೆ ರಾತ್ರಿಯಿಡೀ ನಿಂತ ದ್ರವವನ್ನು ತಡೆಯಲಾರವು. ಅದು ಅಂಚಿನಿಂದ ಜಿನುಗಿ ಕೆಳಗಿನ ಇಂಜಿನ್ ಆಯಿಲ್‌ಗೆ ಸೇರುತ್ತದೆ.

100 ಸಿಸಿ ನಾಲ್ಕು ಸ್ಟ್ರೋಕ್ ಬೈಕುಗಳಲ್ಲಿ ಬದಲಿಸುವಾಗ ಹಾಕುವ ಆಯಿಲ್ ಸಾಮಾನ್ಯವಾಗಿ ಒಂದು ಲೀಟರಿಗಿಂತ ಕಡಿಮೆ. ಮೇಲೆ 10 ಲೀಟರ್ ಪೆಟ್ರೋಲ್, ಕೆಳಗೆ ಒಂದು ಲೀಟರಿಗೂ ಕಡಿಮೆ ಆಯಿಲ್. 200 ಮಿಲಿ ಪೆಟ್ರೋಲ್ ಇಳಿದರೆ ಆಯಿಲ್‌ನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕಲಬೆರಕೆಯಾಯಿತು. ಪೆಟ್ರೋಲ್ ಎಣ್ಣೆಯನ್ನು ತೆಳುವಾಗಿಸುತ್ತದೆ. ಗ್ಯಾರೇಜಿನಲ್ಲಿ ಗ್ರೀಸ್ ಅಂಟಿದ ಕೈಯನ್ನು ಪೆಟ್ರೋಲಿನಿಂದ ತೊಳೆಯುವುದನ್ನು ನೋಡಿದ್ದೀರಲ್ಲ, ಇಂಜಿನ್ ಒಳಗೂ ಅದೇ ಕೆಲಸ ನಡೆಯುತ್ತದೆ. ಕ್ಯಾಮ್, ಬೇರಿಂಗ್, ಪಿಸ್ಟನ್ ಇವುಗಳ ನಡುವೆ ಎಣ್ಣೆಯ ಪೊರೆ ಇರಬೇಕಾದ ಜಾಗದಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ. ಸವೆತ ಒಂದೇ ದಿನದಲ್ಲಿ ಕಾಣುವುದಿಲ್ಲ. ಕೆಲವು ತಿಂಗಳ ನಂತರ ಟಕಟಕ ಶಬ್ದ, ಹೊಗೆ, ಮೈಲೇಜ್ ಇಳಿಕೆ. ಆಗ "ಗಾಡಿ ಹಳೇದಾಯ್ತು" ಎನ್ನುತ್ತಾರೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸಿಲಿಂಡರಿನಲ್ಲಿ ಪೆಟ್ರೋಲ್ ಇನ್ನೂ ಇಳಿಯದೆ ನಿಂತಿರುವಾಗಲೇ ಸ್ಟಾರ್ಟ್ ಮಾಡಿದರೆ? ಗಾಳಿಯನ್ನು ಒತ್ತಬಹುದು, ದ್ರವವನ್ನು ಒತ್ತಲು ಆಗುವುದಿಲ್ಲ. ಇದನ್ನು ಮೆಕ್ಯಾನಿಕ್‌ಗಳು ಹೈಡ್ರೋಲಾಕ್ ಎನ್ನುತ್ತಾರೆ. ಎಷ್ಟು ಪೆಟ್ರೋಲ್ ಸಾಕು ಎಂದು ಲೆಕ್ಕ ಹಾಕಿ ನೋಡಿ. 100 ಸಿಸಿ ಇಂಜಿನ್, ಕಂಪ್ರೆಷನ್ ಅನುಪಾತ 9:1 ಎಂದಿಟ್ಟುಕೊಳ್ಳಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 100 ಭಾಗಿಸು 8, ಅಂದರೆ 12.5 ಮಿಲಿ. ಎರಡೂವರೆ ಟೀ ಚಮಚ! ಅದಕ್ಕಿಂತ ಹೆಚ್ಚು ಪೆಟ್ರೋಲ್ ಒಳಗೆ ಸಿಕ್ಕಿಕೊಂಡರೆ ಪಿಸ್ಟನ್ ಮೇಲೆ ಬರಲು ಜಾಗವೇ ಇಲ್ಲ. ಕಿಕ್ ಕಲ್ಲಿನ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ. ಆಗ ಜೋರಾಗಿ ತುಳಿದರೆ, ಸೆಲ್ಫ್ ಸ್ಟಾರ್ಟ್ ಒತ್ತಿ ಹಿಡಿದರೆ, ಅಥವಾ ಗೇರ್ ಹಾಕಿ ತಳ್ಳಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ರಾಡ್ ಬಾಗಿತೆಂದರೆ ಇಂಜಿನ್ ಪೂರ್ತಿ ಬಿಚ್ಚಬೇಕು.

ಕಿಕ್ ಹೀಗೆ ಗಟ್ಟಿಯಾದರೆ ಮೊದಲು ಕಾಕ್ ಮುಚ್ಚಿ. ಕೀ ತೆಗೆಯಿರಿ. ಗಾಡಿಯನ್ನು ಬಯಲಿಗೆ ತಳ್ಳಿಕೊಂಡು ಹೋಗಿ, ಸ್ಪಾರ್ಕ್ ಪ್ಲಗ್ ಬಿಚ್ಚಿ. ಪ್ಲಗ್ ಇಲ್ಲದೆ ಕಿಕ್ಕರ್ ಅನ್ನು ಕೈಯಿಂದ ನಿಧಾನವಾಗಿ ಇಳಿಸಿದರೆ ಒಳಗಿನ ಪೆಟ್ರೋಲ್ ಆ ರಂಧ್ರದಿಂದ ಚಿಮ್ಮುತ್ತದೆ. ಮುಖವನ್ನು ದೂರ ಇಡಿ, ಬಟ್ಟೆ ಅಡ್ಡ ಹಿಡಿಯಿರಿ. ಆ ಹೊತ್ತಿನಲ್ಲಿ "ಕರೆಂಟ್ ಬರ್ತಾ ಇದೆಯಾ ನೋಡೋಣ" ಎಂದು ಪ್ಲಗ್ ಅನ್ನು ಇಂಜಿನ್ನಿಗೆ ತಾಗಿಸಿ ಕಿಕ್ ಹೊಡೆಯುವ ಅಭ್ಯಾಸ ಬೇಡವೇ ಬೇಡ. ಚಿಮ್ಮುವ ಪೆಟ್ರೋಲಿನ ಪಕ್ಕದಲ್ಲಿ ಕಿಡಿ ಹೊತ್ತಿಸಿದ ಹಾಗೆ. ನಂತರ ಆಯಿಲ್ ಪೂರ್ತಿ ಬದಲಿಸಿ, ಸೋರಿಕೆ ರಿಪೇರಿ ಆದ ಮೇಲೆಯೇ ಸ್ಟಾರ್ಟ್ ಮಾಡಬೇಕು.

ಬೆರಳಿಗೆ ಸಿಗುವ ಸಾಕ್ಷಿ

ಒಳಗೆ ಸೋರುತ್ತಿದೆಯೇ ಎಂದು ತಿಳಿಯಲು ಯಂತ್ರ ಬೇಡ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಆಯಿಲ್ ಮುಚ್ಚಳದ ಕಡ್ಡಿಯನ್ನು ತೆಗೆದು ಒರೆಸಿ, ಮತ್ತೆ ಇಡಿ. ಈ ಬಗೆಯ ಹೆಚ್ಚಿನ ಬೈಕುಗಳಲ್ಲಿ ಅಳೆಯುವಾಗ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಬಾರದು, ಸುಮ್ಮನೆ ಇಟ್ಟು ತೆಗೆಯಬೇಕು. ಆಯಿಲ್ ಮೇಲಿನ ಗೆರೆಗಿಂತ ಮೇಲೆ ಬಂದಿದೆಯೇ? ಇಂಜಿನ್ ಆಯಿಲ್ ತಾನಾಗಿ ಎಂದೂ ಹೆಚ್ಚಾಗುವುದಿಲ್ಲ. ಹೆಚ್ಚಾಗಿದ್ದರೆ, ಯಾರೂ ಹೆಚ್ಚು ಸುರಿದಿಲ್ಲವಾದರೆ, ಬೇರೇನೋ ಸೇರಿದೆ. ಬೆರಳಿಗೆ ಹಚ್ಚಿ ಉಜ್ಜಿ ನೋಡಿ. ಒಳ್ಳೆಯ ಆಯಿಲ್ ಜಿಡ್ಡಾಗಿ ಹಿಡಿಯುತ್ತದೆ, ಪೆಟ್ರೋಲ್ ಸೇರಿದ್ದು ನೀರಿನ ಹಾಗೆ ಜಾರುತ್ತದೆ. ಮೂಗಿನ ಹತ್ತಿರ ತನ್ನಿ. ಆ ವಾಸನೆ ಸುಳ್ಳು ಹೇಳುವುದಿಲ್ಲ.

ಹೊರಗಿನ ಸೋರಿಕೆಗೆ ಎರಡು ಪರೀಕ್ಷೆ. ನಮ್ಮ ಬೀದಿಯ ಗ್ಯಾರೇಜಿನ ಉಸ್ತಾದ್ ಇದನ್ನು ಕಲಿಸಿದರು. ಇಂಜಿನ್ ತಣ್ಣಗಿರಬೇಕು, ಬಯಲಿನಲ್ಲಿ ಮಾಡಬೇಕು, ಹತ್ತಿರ ಬೀಡಿ, ಸಿಗರೇಟ್, ಒಲೆ ಏನೂ ಇರಬಾರದು. ಮೊದಲು ಕಾಕ್ ಆಫ್ ಮಾಡಿ ಕಾರ್ಬ್ಯುರೇಟರ್ ಕಡೆಯ ಪೈಪ್ ತೆಗೆದು ಒಂದು ಬಾಟಲಿಗೆ ಇಳಿಬಿಡಿ. ಅರ್ಧ ಗಂಟೆ ಕಾಯಿರಿ. ಮುಚ್ಚಿದ ಕಾಕ್‌ನಿಂದ ತೊಟ್ಟಿಕ್ಕಿದರೆ ಕಾಕೇ ಕೆಟ್ಟಿದೆ. ಎರಡನೆಯದಾಗಿ, ಪೈಪ್ ಮತ್ತೆ ಹಾಕಿ, ಕಾಕ್ ಆನ್ ಮಾಡಿ, ಓವರ್‌ಫ್ಲೋ ಕೊಳವೆಯ ಕೆಳಗೆ ಬಾಟಲಿ ಇಡಿ. ಈಗ ತೊಟ್ಟಿಕ್ಕಿದರೆ ಕೆಟ್ಟಿರುವುದು ಕಾರ್ಬ್ಯುರೇಟರ್ ಒಳಗೆ. ಎರಡೂ ಕಡೆ ಸೋರುವ ಗಾಡಿಗಳೂ ಇವೆ, ನಮ್ಮದು ಹಾಗೇ ಇತ್ತು. ಅಬ್ಬಾ ಪ್ರತಿ ರಾತ್ರಿ ಕಾಕ್ ಮುಚ್ಚುತ್ತಿದ್ದರು, ಆದರೆ ಒಳಗಿನ ರಬ್ಬರ್ ಸವೆದು ಆಫ್ ಎನ್ನುವುದು ಹೆಸರಿಗೆ ಮಾತ್ರ ಆಫ್ ಆಗಿತ್ತು. ಬಾಟಲಿ ಇಟ್ಟು ಅಳೆದಾಗ ಒಂದು ರಾತ್ರಿಗೆ ಸುಮಾರು 40 ಮಿಲಿ ಸಿಕ್ಕಿತು. ಪರೀಕ್ಷೆ ಮುಗಿದ ಮೇಲೆ ಬಾಟಲಿಯ ಪೆಟ್ರೋಲನ್ನು ಕೂಡಲೇ ಟ್ಯಾಂಕಿಗೆ ಸುರಿದುಬಿಡಿ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಇಟ್ಟು ಮರೆತರೆ ಮನೆಯ ಚಿಕ್ಕ ಮಕ್ಕಳು ನೀರೆಂದು ಕುಡಿಯಬಹುದು.

40 ಮಿಲಿ ಎಂದರೆ ಸಣ್ಣದು ಎನ್ನಿಸುತ್ತದೆ. ತಿಂಗಳಿಗೆ 1200 ಮಿಲಿ. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 120, ವರ್ಷಕ್ಕೆ 1440 ರೂಪಾಯಿ. ಕಾಕ್‌ನೊಳಗಿನ ರಬ್ಬರ್ ವಾಷರ್, ಫ್ಲೋಟ್ ಸೂಜಿ ಇವೆರಡರ ಬೆಲೆ ಇದರ ಒಂದು ಸಣ್ಣ ಭಾಗ. ಅಕೌಂಟೆನ್ಸಿಯಲ್ಲಿ ನಾವು ರೆವಿನ್ಯೂ ವೆಚ್ಚ, ಕ್ಯಾಪಿಟಲ್ ವೆಚ್ಚ ಎಂದು ಓದುತ್ತೇವೆ. ವಾಷರ್ ಬದಲಿಸುವುದು ರೆವಿನ್ಯೂ ವೆಚ್ಚ, ಅದೇ ವರ್ಷದಲ್ಲಿ ಕಳೆದುಹೋಗುತ್ತದೆ. ಇಂಜಿನ್ ಬಿಚ್ಚಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿ ಗಾಡಿಯ ಆಯುಷ್ಯ ಹೆಚ್ಚಿಸುವುದು ಕ್ಯಾಪಿಟಲ್ ವೆಚ್ಚ. ಪರೀಕ್ಷೆಯಲ್ಲಿ ಈ ಉದಾಹರಣೆ ಬರೆದರೆ ಅಂಕ ಸಿಗಬಹುದು. ಅಬ್ಬಾಗೆ ಹೇಳಿದಾಗ ಅವರು ಕೇಳಿದ್ದು ಒಂದೇ, "ಎರಡನೇದಕ್ಕೆ ಸಾಲ ಯಾರು ಕೊಡ್ತಾರೆ?"

ಬೆಂಕಿಯ ಲೆಕ್ಕ ಬೇರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹಾರಿ ಹೋಗುವುದಿಲ್ಲ, ನೆಲದ ಮೇಲೆ ಹರಡಿಕೊಂಡು ತಗ್ಗು ಇರುವ ಕಡೆ, ಬಾಗಿಲ ಸಂದಿನ ಕಡೆ ಸರಿಯುತ್ತದೆ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಪೆಟ್ರೋಲಿನಿಂದ ಏಳುತ್ತದೆ. ಅಂದಮೇಲೆ ಕಿಟಕಿ ಮುಚ್ಚಿದ ನಮ್ಮ ಕೋಣೆಗಳಲ್ಲಿ? ಬೆಳಗಿನ ಜಾವ ಎದ್ದು ಚಹಾಕ್ಕೆ ಗ್ಯಾಸ್ ಹಚ್ಚುವವರು ಅಮ್ಮಿ. ಮೊದಲು ವಾಸನೆ ನೋಡಿ, ಮುಂಬಾಗಿಲು ತೆರೆದು, ಆಮೇಲೆ ಅಡುಗೆಮನೆ ಎಂದು ಮನೆಯಲ್ಲಿ ಹೇಳಿಟ್ಟಿದ್ದೇನೆ. ವಾಸನೆ ಬಂದರೆ ಲೈಟ್ ಸ್ವಿಚ್ ಕೂಡ ಮುಟ್ಟಬಾರದು, ಅದರಲ್ಲೂ ಕಿಡಿ ಹಾರುತ್ತದೆ.

ರಿಪೇರಿಯಲ್ಲಿ ನೋಡಿಕೊಳ್ಳಬೇಕಾದದ್ದು

ಹೆಚ್ಚಿನ ಗ್ಯಾರೇಜುಗಳಲ್ಲಿ ಕಾರ್ಬ್ಯುರೇಟರ್ ಕ್ಲೀನಿಂಗ್ ಎಂದರೆ ಬಿಚ್ಚಿ, ಪೆಟ್ರೋಲಿನಿಂದ ತೊಳೆದು, ಗಾಳಿ ಹೊಡೆದು ಮತ್ತೆ ಕಟ್ಟುವುದು. ಕಸ ಸಿಕ್ಕಿದ್ದರೆ ಅಷ್ಟರಲ್ಲೇ ಸರಿಯಾಗುತ್ತದೆ. ಸೂಜಿಯ ತುದಿಯಲ್ಲಿ ಗೆರೆ ಬಿದ್ದಿದ್ದರೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ, ವಾರದಲ್ಲಿ ಮತ್ತೆ ಸೋರುತ್ತದೆ. ಬಿಚ್ಚಿದಾಗ ಪಕ್ಕದಲ್ಲಿ ನಿಂತು ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿ. ಗೆರೆ ಕಂಡರೆ ಹೊಸದು ಹಾಕಿಸಿ. ಸೂಜಿ ಕೂರುವ ಹಿತ್ತಾಳೆಯ ಸೀಟ್ ಹಲವು ಕಾರ್ಬ್ಯುರೇಟರ್‌ಗಳಲ್ಲಿ ಬಾಡಿಗೇ ಒತ್ತಿ ಕೂರಿಸಿದ್ದು, ಬೇರೆಯಾಗಿ ಬದಲಿಸಲು ಬರುವುದಿಲ್ಲ. ಅದನ್ನು ಮರಳು ಕಾಗದದಿಂದ ಉಜ್ಜಲು ಬಿಡಬೇಡಿ.

ಫ್ಲೋಟ್ ಹಿತ್ತಾಳೆಯದಾದರೆ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಗುಳುಗುಳು ಎಂದರೆ ತೂತಾಗಿ ಪೆಟ್ರೋಲ್ ತುಂಬಿದೆ, ಇನ್ನು ಅದು ತೇಲುವುದಿಲ್ಲ, ಸೂಜಿಯನ್ನು ಒತ್ತುವುದೂ ಇಲ್ಲ. ತೂತು ಎಲ್ಲಿದೆ ಎಂದು ನೋಡಲು ಬಿಸಿ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬರುತ್ತದೆ, ಬಿಸಿ ನೀರು ಮಾತ್ರ, ಬೆಂಕಿಯ ಹತ್ತಿರವಲ್ಲ. ಫ್ಲೋಟಿನ ನಾಲಿಗೆಯನ್ನು ಅಂದಾಜಿನಲ್ಲಿ ಬಗ್ಗಿಸಿ "ಸೋರೋದು ನಿಲ್ತು" ಎನ್ನುವವರಿದ್ದಾರೆ. ಮಟ್ಟ ಬೇಕಾದ್ದಕ್ಕಿಂತ ಕೆಳಗಿಳಿದರೆ ಇಂಜಿನ್ನಿಗೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಆಗ ಇಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಒಂದು ಕಾಯಿಲೆಗೆ ಇನ್ನೊಂದು ಕಾಯಿಲೆ ಔಷಧಿಯಲ್ಲ. ಅಪರೂಪಕ್ಕೆ ಸೂಜಿಯೂ ಫ್ಲೋಟೂ ಚೆನ್ನಾಗಿದ್ದು ಬಟ್ಟಲಿನೊಳಗಿನ ಓವರ್‌ಫ್ಲೋ ಕೊಳವೆಯೇ ಬಿರುಕು ಬಿಟ್ಟಿರುತ್ತದೆ. ಇದು ಗೊತ್ತಿಲ್ಲದೆ ಮೂರು ಮೂರು ಸೂಜಿ ಬದಲಿಸಿದವರನ್ನು ಉಸ್ತಾದ್ ನೋಡಿದ್ದಾರಂತೆ.

ಪೈಪಿನ ವಿಷಯದಲ್ಲಿ ಜಿಪುಣತನ ಬೇಡ. ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪನ್ನು ಕತ್ತರಿಸಿ ಹಾಕುತ್ತಾರೆ. ಅದು ಪೆಟ್ರೋಲಿಗೆ ಮಾಡಿದ್ದಲ್ಲ, ಕೆಲವು ತಿಂಗಳಲ್ಲಿ ಹಳದಿಯಾಗಿ ಗಟ್ಟಿಯಾಗಿ ಕ್ಲಿಪ್ ಹತ್ತಿರ ಸೀಳುತ್ತದೆ. ಕೆಳಗೆ ಬಿಸಿ ಇಂಜಿನ್ ಇದೆ ಎಂಬುದನ್ನು ಮರೆಯಬಾರದು. ಪೆಟ್ರೋಲ್ ಪೈಪ್ ಎಂದೇ ಕೇಳಿ, ಎರಡೂ ತುದಿಗೆ ಕ್ಲಿಪ್ ಹಾಕಿಸಿ.

ಟ್ಯಾಂಕ್ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ದಾರಿ ಇರುತ್ತದೆ. ಅದು ಧೂಳಿನಿಂದ ಮುಚ್ಚಿದರೆ ಓಡುವಾಗ ಪೆಟ್ರೋಲ್ ಇಳಿಯದೆ ಗಾಡಿ ನಿಲ್ಲುತ್ತದೆ, ಬಿಸಿಲಿನಲ್ಲಿ ನಿಂತಾಗ ಒಳಗಿನ ಆವಿ ಹಿಗ್ಗಿ ಪೆಟ್ರೋಲನ್ನು ಸೂಜಿಯ ಮೇಲೆ ಒತ್ತುತ್ತದೆ. ಮುಚ್ಚಳದ ರಬ್ಬರ್ ಹಾಳಾಗಿದ್ದರೆ ಮಳೆ ನೀರು ಒಳಗೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ಕೂತು ಟ್ಯಾಂಕನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ, ಆ ತುಕ್ಕೇ ನಂತರ ಸೂಜಿಗೆ ಸಿಕ್ಕುವುದು. ತೀರ್ಥಹಳ್ಳಿ, ಸಾಗರ ಕಡೆಯಿಂದ ಬರುವ ಗೆಳೆಯರಿಗೆ ಇದು ನಮಗಿಂತ ಹೆಚ್ಚು ಅನ್ವಯಿಸುತ್ತದೆ.

ಪೆಟ್ರೋಲೂ ಬದಲಾಗಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ-20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಕೊಟ್ಟರು. ಹಳೆಯ ಬೈಕುಗಳ ರಬ್ಬರ್ ಭಾಗಗಳನ್ನು ಇಷ್ಟು ಎಥನಾಲ್‌ಗೆಂದು ಮಾಡಿರಲಿಲ್ಲ. ಎಥನಾಲ್ ಕೆಲವು ಬಗೆಯ ರಬ್ಬರನ್ನು ಊದಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ, ಟ್ಯಾಂಕಿನಲ್ಲಿ ವರ್ಷಗಳಿಂದ ಕೂತಿದ್ದ ಕೊಳೆಯನ್ನು ಕರಗಿಸಿ ಕೆಳಗೆ ತರುತ್ತದೆ. ಅದಕ್ಕೆ ಭಯಪಡಬೇಕಾಗಿಲ್ಲ, ಆದರೆ ಹಿಂದೆ ಮೂರು ವರ್ಷಕ್ಕೊಮ್ಮೆ ನೋಡುತ್ತಿದ್ದ ವಾಷರ್, ಪೈಪುಗಳನ್ನು ಈಗ ವರ್ಷಕ್ಕೊಮ್ಮೆ ನೋಡುವುದು ಒಳ್ಳೆಯದು.

ಎರಡು ಸ್ಟ್ರೋಕ್ ಗಾಡಿಗಳು

ನಮ್ಮ ಹುಡುಗರಿಗೆ ಯಮಹಾ ಆರ್‌ಎಕ್ಸ್ 100 ಎಂದರೆ ಪ್ರಾಣ. 1996ರಲ್ಲಿ ನಿಂತುಹೋದ ಗಾಡಿಗೆ ಇವತ್ತು ಹೊಸ ಬೈಕಿನ ಬೆಲೆ ಹೇಳುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಳೂ ಇನ್ನೂ ಓಡುತ್ತಿವೆ. ಇವುಗಳಲ್ಲಿ ಕೆಳಗೆ ಆಯಿಲ್ ತುಂಬಿದ ಕೋಣೆ ಇಲ್ಲ. ಪೆಟ್ರೋಲ್ ಮತ್ತು ಗಾಳಿ ಮೊದಲು ಕ್ರ್ಯಾಂಕ್ ಕೋಣೆಗೇ ಬಂದು ನಂತರ ಮೇಲೆ ಹೋಗುತ್ತದೆ. ಹಾಗಾಗಿ ಸೋರಿದ ಪೆಟ್ರೋಲ್ ಕ್ರ್ಯಾಂಕ್ ಸುತ್ತ ನಿಂತು ಬೇರಿಂಗ್ ಮೇಲಿನ ಎಣ್ಣೆಯನ್ನು ತೊಳೆಯುತ್ತದೆ, ಬೆಳಿಗ್ಗೆ ಪ್ಲಗ್ ಒದ್ದೆಯಾಗಿ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಯೆಜ್ಡಿಯಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಹಾಕಬೇಕು. ಕಾಕ್ ಮುಚ್ಚಿ ಓಡಿಸುತ್ತಾ ಕೊನೆಯ ಹನಿಯವರೆಗೆ ವೇಗವಾಗಿ ಎಳೆದರೆ ಪೆಟ್ರೋಲಿನ ಜೊತೆ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳಬಹುದು. ಕಾಕ್ ಮುಚ್ಚಿ ಬಟ್ಟಲು ಖಾಲಿ ಮಾಡಬೇಕೆಂದರೆ ನಿಂತಲ್ಲೇ, ನಿಧಾನ ಐಡಲ್‌ನಲ್ಲಿ ಮಾಡಿ.

ಕಾರ್ಬ್ಯುರೇಟರ್ ಇದ್ದ ಹಳೆಯ ಸ್ಕೂಟರ್‌ಗಳಲ್ಲಿ ಹಲವಕ್ಕೆ ಕೈಯಿಂದ ತಿರುಗಿಸುವ ಕಾಕ್ ಇಲ್ಲ. ಇಂಜಿನ್ ಎಳೆಯುವ ವ್ಯಾಕ್ಯೂಮ್‌ನಿಂದ ತೆರೆದುಕೊಳ್ಳುತ್ತದೆ. ಅದರ ಒಳಗಿನ ರಬ್ಬರ್ ಪೊರೆ ಹರಿದರೆ ಪೆಟ್ರೋಲ್ ವ್ಯಾಕ್ಯೂಮ್ ಪೈಪಿನಲ್ಲೇ ಇಂಜಿನ್ನಿಗೆ ಹೋಗುತ್ತದೆ. ಆ ಸಣ್ಣ ಪೈಪ್ ತೆಗೆದು ನೋಡಿ, ಒಣಗಿರಬೇಕು. ಒದ್ದೆಯಿದ್ದರೆ ಕಾಕ್ ಬದಲಿಸಬೇಕು.

ರಜೆಯಲ್ಲಿ, ಅಥವಾ ಅಣ್ಣ ಊರಿಗೆ ಬರುವವರೆಗೆ ಎಂದು ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಗಳಿಗೆ ಇನ್ನೊಂದು ಮಾತು. ಕಾಕ್ ಮುಚ್ಚಿದರೂ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ನಿಧಾನವಾಗಿ ಆವಿಯಾಗಿ ಬೆಲ್ಲದ ಪಾಕದಂಥ ಅಂಟನ್ನು ಬಿಡುತ್ತದೆ. ಅದು ಜೆಟ್‌ನ ಕೂದಲಿನಷ್ಟು ಸಣ್ಣ ರಂಧ್ರವನ್ನು ಮುಚ್ಚುತ್ತದೆ, ಸೂಜಿಯನ್ನು ಸೀಟಿಗೆ ಅಂಟಿಸುತ್ತದೆ. ಬಟ್ಟಲಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಅದನ್ನು ಖಾಲಿ ಮಾಡಿ ಇಡಿ. ಟ್ಯಾಂಕನ್ನು ಮಾತ್ರ ತುಂಬಿ ಇಟ್ಟರೆ ಒಳಗೆ ತುಕ್ಕು ಹಿಡಿಯಲು ಜಾಗ ಕಡಿಮೆ. ಆದರೆ ಗಾಡಿ ಮನೆಯೊಳಗೆ ನಿಲ್ಲುವುದಾದರೆ ನಾನು ತುಂಬಿದ ಟ್ಯಾಂಕಿಗೆ ಒಪ್ಪುವುದಿಲ್ಲ. ತುಕ್ಕು ಹಿಡಿದರೆ ಹಿಡಿಯಲಿ.

ಟ್ಯಾಂಕೇ ತೂತಾಗಿದ್ದರೆ ಸೋಪು ಅಥವಾ ಎಂ-ಸೀಲ್ ಹಚ್ಚಿ ಗ್ಯಾರೇಜಿನವರೆಗೆ ತಳ್ಳಿಕೊಂಡು ಹೋಗಬಹುದು, ಅಷ್ಟೇ. ವೆಲ್ಡಿಂಗ್ ಅಂಗಡಿಗೆ "ಖಾಲಿ ಮಾಡಿದ್ದೇವೆ" ಎಂದು ಟ್ಯಾಂಕ್ ಕೊಡುವುದು ತುಂಬಿದ ಟ್ಯಾಂಕ್ ಕೊಡುವುದಕ್ಕಿಂತ ಅಪಾಯ. ಖಾಲಿ ಟ್ಯಾಂಕಿನಲ್ಲಿ ಆವಿ ಮತ್ತು ಗಾಳಿ ಬೆರೆತು ಕೂತಿರುತ್ತವೆ, ಸಿಡಿಯುವುದು ಅದೇ. ಟ್ಯಾಂಕ್ ಕೆಲಸ ಬಲ್ಲವರು ತೊಳೆದು, ನೀರು ತುಂಬಿಸಿ ಮಾಡುತ್ತಾರೆ. ಅಂಥವರನ್ನೇ ಹುಡುಕಿ.

ಕೊನೆಗೆ, ಇದನ್ನೆಲ್ಲ ಓದಿ ಗಾಡಿ ಸರಿಯಾಗಿದೆಯೇ ಎಂದು ಒಂದು ಸುತ್ತು ಓಡಿಸಿ ನೋಡುವ ಆಸೆ ನಮ್ಮ ಕ್ಲಾಸಿನವರಿಗೆ ಬರುತ್ತದೆ. ಗೇರ್ ಗಾಡಿಗೆ ಲೈಸೆನ್ಸ್ 18ಕ್ಕೆ. 2019ರ ತಿದ್ದುಪಡಿಯ ನಂತರ ನಾವು ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಹೆತ್ತವರಿಗೆ ಅಥವಾ ಗಾಡಿಯ ಮಾಲೀಕರಿಗೆ. ನಾನು ಸ್ಟ್ಯಾಂಡ್ ಹಾಕಿ ನೋಡುತ್ತೇನೆ, ಓಡಿಸಿ ನೋಡುವುದು ಅಬ್ಬಾ. ರಾತ್ರಿ ಕಾಕ್ ಮುಚ್ಚಲು ಲೈಸೆನ್ಸ್ ಬೇಡ.